ಪೇಪರ್ ಇರುವ ಮರಿ

ನಾಯಿಮರಿ ಕೊಳ್ಳಲು ಹೊರಟವರು ಮಾರುವವರನ್ನು ಕೇಳುವ ಮೊದಲ ಪ್ರಶ್ನೆ ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಒಂದೇ: ‘ಪೇಪರ್ ಇದೆಯಾ?’ ಇದೆ ಎಂದ ಕೂಡಲೇ ಬೆಲೆ ಏರುತ್ತದೆ, ಅನುಮಾನ ಇಳಿಯುತ್ತದೆ. ಪೇಪರ್ ಎಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ ಕೊಡುವ ವಂಶಾವಳಿಯ ಪ್ರಮಾಣಪತ್ರ. ನಾಯಿಪ್ರಿಯರ ವಲಯದಲ್ಲಿ ಈ ಒಂದು ಹಾಳೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಎಷ್ಟೋ ಮೀರಿ ಬೆಳೆದಿದೆ ಎಂಬುದು ನನ್ನ ತಕರಾರು. ಹೊಣೆಯರಿತ ಬ್ರೀಡರ್ ಯಾರು, ಹೊಣೆಗೇಡಿ ಯಾರು ಎಂದು ತೀರ್ಮಾನಿಸುವ ಕೆಲಸವನ್ನೇ ನಾವು ಈ ಹಾಳೆಗೆ ಒಪ್ಪಿಸಿಬಿಟ್ಟಿದ್ದೇವೆ. ಆ ಕೆಲಸ ಅದರಿಂದ ಆಗುವಂಥದ್ದಲ್ಲ. ಬ್ರೀಡರ್‌ನ ಹೊಣೆಗಾರಿಕೆ ಗೊತ್ತಾಗುವುದು ಆತ ಏನೇನನ್ನು ಬೇಡವೆಂದ ಎಂಬುದರಿಂದ. ಯಾವ ನಾಯಿಯನ್ನು ಕೂಡಿಸಲಿಲ್ಲ, ಎಷ್ಟು ದಿನ ತುಂಬುವವರೆಗೆ ಮರಿಯನ್ನು ಮಾರಲಿಲ್ಲ, ಯಾವ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ, ಇವು ಅವನ ಚರಿತ್ರೆಯ ಮುಖ್ಯ ಸಂಗತಿಗಳು. ಪೇಪರ್‌ನಲ್ಲಿ ದಾಖಲಾಗುವುದು ನಡೆದದ್ದು ಮಾತ್ರ. ಬೇಕೆಂದೇ ತಡೆಹಿಡಿದದ್ದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ.

ಆ ಹಾಳೆಯನ್ನು ಒಮ್ಮೆ ಸಾವಧಾನವಾಗಿ ಓದೋಣ. ಮರಿಯ ನೋಂದಾಯಿತ ಹೆಸರು, ತಳಿ, ಲಿಂಗ, ಬಣ್ಣ, ಹುಟ್ಟಿದ ದಿನ, ಮೈಕ್ರೋಚಿಪ್ ಸಂಖ್ಯೆ, ಬ್ರೀಡರ್ ಹೆಸರು. ಆಮೇಲೆ ತಂದೆ, ತಾಯಿ, ಅಜ್ಜ, ಅಜ್ಜಿ, ಹೀಗೆ ಕವಲೊಡೆಯುತ್ತ ಹೋಗುವ ಪೂರ್ವಜರ ಪಟ್ಟಿ. ಕೆಲವು ಹೆಸರುಗಳ ಹಿಂದೆ ಚಾಂಪಿಯನ್ ಎಂಬ ಬಿರುದು. ಪಟ್ಟಿ ಇಷ್ಟಕ್ಕೆ ಮುಗಿಯಿತು. ತಾಯಿಗೆ ಇದು ಎಷ್ಟನೆಯ ಸೂಲು? ಹಿಂದಿನ ಸೂಲಿನ ಮರಿಗಳಲ್ಲಿ ಎಷ್ಟು ಬದುಕಿದವು, ಬದುಕಿದವುಗಳ ಸೊಂಟ, ಹೃದಯ, ಕಣ್ಣು ಹೇಗಿವೆ? ಅಜ್ಜ ಯಾವ ವಯಸ್ಸಿಗೆ, ಯಾವ ಕಾಯಿಲೆಯಿಂದ ಸತ್ತ? ಈ ಗಂಡಿಗೆ ಈ ಹೆಣ್ಣನ್ನೇ ಏಕೆ ಕೂಡಿಸಲಾಯಿತು? ಮರಿಯ ಮುಂದಿನ ಹತ್ತು ಹನ್ನೆರಡು ವರ್ಷಗಳ ಬದುಕು ನಿಂತಿರುವುದು ಈ ಪ್ರಶ್ನೆಗಳ ಮೇಲೆ. ಒಂದಕ್ಕೂ ಹಾಳೆಯಲ್ಲಿ ಉತ್ತರವಿಲ್ಲ. ಇನ್ನೊಂದು ಸಂಗತಿ ಎಷ್ಟೋ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ಒಬ್ಬನೇ ಪ್ರಸಿದ್ಧ ಗಂಡಿನ ಹೆಸರು ಎರಡು ಮೂರು ಸಲ ಬಂದಿದ್ದರೆ ಮಾರುವವರು ಅದನ್ನು ಹೆಮ್ಮೆಯಿಂದ ಬೆರಳಿಟ್ಟು ತೋರಿಸುತ್ತಾರೆ, ‘ಒಳ್ಳೇ ಲೈನ್’ ಎನ್ನುತ್ತಾರೆ. ಅದು ರಕ್ತಸಂಬಂಧದಲ್ಲಿ ಕೂಡಿಸಿದ್ದಕ್ಕೆ ಸಾಕ್ಷಿ. ಒಬ್ಬ ಪೂರ್ವಜನಲ್ಲಿ ಅಡಗಿದ್ದ ದೋಷದ ವಂಶವಾಹಿ ಎರಡೂ ಕಡೆಯಿಂದ ಬಂದು ಮರಿಯಲ್ಲಿ ಜೋಡಿಯಾಗುವ ಸಾಧ್ಯತೆ ಇಲ್ಲಿ ಹೆಚ್ಚುತ್ತದೆ. ಎಚ್ಚರಿಕೆಯೆಂದು ಓದಬೇಕಾದದ್ದನ್ನು ನಾವು ಹೊಗಳಿಕೆಯೆಂದು ಓದುತ್ತಿದ್ದೇವೆ.

ಚಾಂಪಿಯನ್ ಎಂಬ ಬಿರುದಿನ ತೂಕವನ್ನೂ ನೋಡಬೇಕು. ಪ್ರದರ್ಶನದ ಅಂಗಳದಲ್ಲಿ ತೀರ್ಪುಗಾರರು ನಾಯಿಯ ಮೈಕಟ್ಟು, ನಡಿಗೆ, ತುಪ್ಪಳ, ಹಲ್ಲಿನ ಜೋಡಣೆಯನ್ನು ತಳಿಯ ಲಿಖಿತ ಮಾನದಂಡಕ್ಕೆ ಹೋಲಿಸಿ ನೋಡುತ್ತಾರೆ. ತಲೆಬುರುಡೆಯ ಒಳಗಿರುವುದು ಅವರಿಗೆ ಕಾಣದು. 2008ರ ಆಗಸ್ಟ್‌ನಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಪೆಡಿಗ್ರೀ ಡಾಗ್ಸ್ ಎಕ್ಸ್‌ಪೋಸ್ಡ್’ ಸಾಕ್ಷ್ಯಚಿತ್ರ ಈ ಕುರುಡನ್ನು ಜಗತ್ತಿನ ಮುಂದಿಟ್ಟಿತು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್ ತಳಿಯಲ್ಲಿ ಮಿದುಳಿಗೆ ತಲೆಬುರುಡೆ ಸಾಲದೆ ಬೆನ್ನುಹುರಿಯಲ್ಲಿ ದ್ರವ ತುಂಬಿಕೊಳ್ಳುವ ಸಿರಿಂಗೋಮೈಲಿಯಾ ಎಂಬ ಯಾತನೆಯ ರೋಗವಿದೆ. ಆ ರೋಗವಿದ್ದ ಗಂಡು ನಾಯಿಯೇ ಪ್ರಶಸ್ತಿ ಗೆದ್ದು ಹಲವು ಸೂಲುಗಳಿಗೆ ತಂದೆಯಾದದ್ದನ್ನು ಚಿತ್ರ ತೋರಿಸಿತು. ಮರುವರ್ಷ ಬಿಬಿಸಿ ಕ್ರಫ್ಟ್ಸ್ ಪ್ರದರ್ಶನದ ಪ್ರಸಾರವನ್ನೇ ಕೈಬಿಟ್ಟಿತು. 2010ರಲ್ಲಿ ಪ್ರಾಣಿವರ್ತನೆಯ ವಿಜ್ಞಾನಿ ಪ್ಯಾಟ್ರಿಕ್ ಬೇಟ್ಸನ್ ನಾಯಿ ತಳಿ ಸಾಕಣೆಯ ಬಗ್ಗೆ ಸ್ವತಂತ್ರ ವಿಚಾರಣಾ ವರದಿ ಕೊಟ್ಟರು. ನಾರ್ವೆಯಲ್ಲಿ ಇದೇ ತಳಿಯ ಪ್ರಕರಣ ನ್ಯಾಯಾಲಯ ಹತ್ತಿತು. ಈಗಿನ ರೀತಿಯಲ್ಲಿ ಕ್ಯಾವಲಿಯರ್ ತಳಿಯನ್ನು ಮುಂದುವರಿಸುವುದು ಪ್ರಾಣಿ ಕಲ್ಯಾಣ ಕಾಯ್ದೆಗೆ ವಿರುದ್ಧ ಎಂಬ ನಿಲುವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಈ ಯಾವ ನಾಯಿಗೂ ಪೇಪರ್‌ನ ಕೊರತೆ ಇರಲಿಲ್ಲ.

ಇನ್ನೂ ಕಟುವಾದ ಸಾಕ್ಷ್ಯ ಡಾಲ್ಮೇಷಿಯನ್ ತಳಿಯದು. ಶುದ್ಧ ಡಾಲ್ಮೇಷಿಯನ್‌ಗಳೆಲ್ಲವೂ ಯೂರಿಕ್ ಆಮ್ಲವನ್ನು ಸರಿಯಾಗಿ ವಿಭಜಿಸಲಾಗದ ವಂಶವಾಹಿಯನ್ನು ಹೊತ್ತೇ ಹುಟ್ಟುತ್ತಿದ್ದವು. ಅದರಿಂದ ಮೂತ್ರಕೋಶದಲ್ಲಿ ಕಲ್ಲು, ಮೂತ್ರ ಕಟ್ಟಿ ನರಳಾಟ. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬ್ಲೆ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯೊಂದಿಗೆ ಡಾಲ್ಮೇಷಿಯನ್ ಅನ್ನು ಕೂಡಿಸಿ, ಆಮೇಲಿನ ತಲೆಮಾರುಗಳನ್ನೆಲ್ಲ ಡಾಲ್ಮೇಷಿಯನ್‌ಗಳಿಗೇ ಕೂಡಿಸುತ್ತ ಬಂದು, ಚುಕ್ಕೆಯೂ ಮೈಕಟ್ಟೂ ಕೆಡದ, ಆದರೆ ಈ ದೋಷವಿಲ್ಲದ ನಾಯಿಗಳನ್ನು ಪಡೆದರು. ಅಮೆರಿಕನ್ ಕೆನಲ್ ಕ್ಲಬ್ 1981ರಲ್ಲಿ ಅವುಗಳ ನೋಂದಣಿ ಆರಂಭಿಸಿತು. ತಳಿ ಸಂಘದವರು ಆಕ್ಷೇಪವೆತ್ತಿದಾಗ ನಿಲ್ಲಿಸಿತು. ಬಾಗಿಲು ಮತ್ತೆ ತೆರೆದದ್ದು 2011ರಲ್ಲಿ. ಮೂವತ್ತು ವರ್ಷ ಕಾಲ, ಕಲ್ಲು ಕಟ್ಟುವ ನಾಯಿಗೆ ಪೇಪರ್ ಸಿಗುತ್ತಿತ್ತು, ಕಲ್ಲು ಕಟ್ಟದ ನಾಯಿಗೆ ಸಿಗುತ್ತಿರಲಿಲ್ಲ. ವಂಶಾವಳಿಯ ಪ್ರಮಾಣಪತ್ರ ಯಾವುದನ್ನು ಕಾಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ. ಅದು ಕಾಯುವುದು ವಂಶದ ಗಡಿಯನ್ನು. ಮರಿಯ ಆರೋಗ್ಯ ಕಾಯುವ ಕೆಲಸ ಬ್ರೀಡರ್‌ನದು. ಆತ ಅದನ್ನು ಮಾಡಿದ್ದಾನೋ ಇಲ್ಲವೋ ಎಂದು ಬೇರೆ ದಾರಿಯಿಂದಲೇ ತಿಳಿಯಬೇಕು.

ಪೇಪರ್ ಪರ ವಾದಿಸುವವರ ಮಾತಿನಲ್ಲಿ ಒಂದು ಸತ್ಯವಿದೆ. ಪೂರ್ವಜರು ಯಾರೆಂದೇ ಗೊತ್ತಿಲ್ಲದಿದ್ದರೆ ರಕ್ತಸಂಬಂಧ ತಪ್ಪಿಸುವುದು ಹೇಗೆ, ಅನುವಂಶಿಕ ಕಾಯಿಲೆಯ ಜಾಡು ಹಿಡಿಯುವುದು ಹೇಗೆ ಎಂದು ಅವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ವಂಶಾವಳಿ ಕೈಯಲ್ಲಿಲ್ಲದೆ ತಳಿ ಸುಧಾರಣೆ ಅಸಾಧ್ಯ, ಮೈಕ್ರೋಚಿಪ್ ಇಲ್ಲದೆ ನಾಯಿಯ ಗುರುತು ಅಸಾಧ್ಯ. ಹಾಗಿದ್ದೂ ಈ ವಾದ ಪೇಪರ್ ಅನ್ನು ಬ್ರೀಡರ್‌ನ ಕೈಯ ಸಲಕರಣೆಯಾಗಿ ಸಮರ್ಥಿಸುತ್ತದೆಯೇ ಹೊರತು ಗಿರಾಕಿಗೆ ಕೊಡುವ ಖಾತರಿಯಾಗಿ ಅಲ್ಲ. ಸಲಕರಣೆ ಇದ್ದವರೆಲ್ಲ ಅದನ್ನು ಬಳಸಿದ್ದಾರೆಂದು ನಂಬುವುದು ಹೇಗೆ?

ಬಳಸಿದ್ದಾರೋ ಇಲ್ಲವೋ ತಿಳಿಯಲು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳ ಸೊಂಟವೊಂದನ್ನು ವಿಚಾರಿಸಿದರೆ ಸಾಕು. ಹಿಪ್ ಡಿಸ್‌ಪ್ಲೇಸಿಯಾ ಎಂದರೆ ತೊಡೆಯೆಲುಬಿನ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದ ದೋಷ. ಹಲವು ವಂಶವಾಹಿಗಳು ಸೇರಿ ತರುವಂಥದ್ದು. ಮರಿಯಲ್ಲಿ ಬರಿಗಣ್ಣಿಗೆ ಕಾಣದೆ, ಬೆಳೆದ ಮೇಲೆ ಕುಂಟುವಿಕೆಯಾಗಿ, ಕೀಲುನೋವಾಗಿ ಹೊರಬೀಳುತ್ತದೆ. ಇದನ್ನು ತಗ್ಗಿಸಲು ಇರುವ ಮುಖ್ಯ ದಾರಿ, ತಂದೆತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿ, ಶ್ರೇಣಿ ಪಡೆದು, ಕೆಟ್ಟ ಶ್ರೇಣಿಯವನ್ನು ಎಷ್ಟೇ ಚೆಂದವಿದ್ದರೂ ಕೂಡಿಸದೆ ಬಿಡುವುದು. ಅಮೆರಿಕದ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಸಂಸ್ಥೆ ಅಂತಿಮ ಶ್ರೇಣಿ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಹೊರಡಿಸಿದ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಹೆಣ್ಣುನಾಯಿಗೆ 18 ತಿಂಗಳು ತುಂಬಿದ್ದರೆ ಕೂಡಿಸಬಹುದು. ಈ ಎರಡು ಅಂಕಿಗಳ ನಡುವಿನ 6 ತಿಂಗಳಲ್ಲಿ ಬ್ರೀಡರ್‌ನ ಸ್ವಭಾವ ಹೊರಗೆ ಬರುತ್ತದೆ. ಹೆಣ್ಣು ಬೆದೆಗೆ ಬಂದಿದೆ, ಕಾನೂನಿನ ಅಡ್ಡಿಯಿಲ್ಲ, ಮರಿಗೆ ಮುಂಗಡ ಕೊಡಲು ಜನ ಸಿದ್ಧರಿದ್ದಾರೆ. ಹಾಗಿದ್ದೂ ಎಕ್ಸ್‌ರೇ ಅಂತಿಮವಾಗುವವರೆಗೆ ಒಂದು ಬೆದೆಯನ್ನು ಸುಮ್ಮನೆ ಕಳೆಯಬಿಟ್ಟವನು ಹೊಣೆಯರಿತವನು. ಒಳ್ಳೆಯ ಸೊಂಟದ ತಂದೆತಾಯಿಗೂ ಕೆಟ್ಟ ಸೊಂಟದ ಮರಿ ಹುಟ್ಟಬಹುದೆಂಬುದು ನಿಜ. ಆದ್ದರಿಂದ ನೂರಕ್ಕೆ ನೂರು ಗ್ಯಾರಂಟಿ ಕೊಡುವವನ ಮಾತನ್ನೂ ನಂಬಬಾರದು. ಅಪಾಯ ಕಡಿಮೆ ಮಾಡಿದ್ದೇನೆ, ಇಲ್ಲವಾಗಿಸಿಲ್ಲ ಎಂದು ನೇರವಾಗಿ ಹೇಳುವವನ ಮಾತಿಗೆ ಬೆಲೆ ಕೊಡಬೇಕು.

ಇದಕ್ಕಿಂತ ಸುಲಭವಾಗಿ, ಯಾವ ಗಿರಾಕಿಯೂ ಮಾಡಬಹುದಾದ ಪರೀಕ್ಷೆ ಮರಿಯ ವಯಸ್ಸಿನದು. ನಮ್ಮ ಮಾರುಕಟ್ಟೆಯಲ್ಲಿ ಮರಿ ಒಯ್ಯಲು ತಕ್ಕ ವಯಸ್ಸು 45 ದಿನ ಎಂಬ ಮಾತು ಶಾಸ್ತ್ರದಂತೆ ಚಲಾವಣೆಯಲ್ಲಿದೆ. 2017ರ ನಿಯಮಗಳು 8 ವಾರ, ಎಂದರೆ 56 ದಿನ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿವೆ. ಹನ್ನೊಂದು ದಿನಗಳ ಈ ಅಂತರ ಚಿಕ್ಕದೆಂದು ತೋರಬಹುದು. ನಾನು ಇದರ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮರಿ ತಾಯಿಯ ಮೊದಲ ಹಾಲಿನಿಂದ ಪಡೆದ ರೋಗನಿರೋಧಕ ಶಕ್ತಿ ಆರನೆಯ ವಾರದ ಹೊತ್ತಿಗೆ ಇಳಿಯತೊಡಗುತ್ತದೆ. ಪೂರ್ತಿ ಇಳಿದಿರುವುದಿಲ್ಲವಾದ್ದರಿಂದ ಆಗ ಹಾಕಿದ ಲಸಿಕೆಯನ್ನು ಅದು ನಿಷ್ಫಲಗೊಳಿಸಲೂಬಹುದು. ಆದ್ದರಿಂದಲೇ ಪಶುವೈದ್ಯರು 16 ವಾರದವರೆಗೆ ಲಸಿಕೆಯನ್ನು ಮತ್ತೆ ಮತ್ತೆ ಕೊಡಲು ಹೇಳುತ್ತಾರೆ. ‘ಒಂದು ವ್ಯಾಕ್ಸಿನ್ ಆಗಿದೆ’ ಎಂದು 45 ದಿನಕ್ಕೆ ಕೈಗಿಡುವ ಮರಿ ರಕ್ಷಣೆ ಪಡೆದ ಮರಿಯಲ್ಲ. ತಾಯಿಯ ರಕ್ಷಣೆ ಕರಗುತ್ತಿರುವ, ಲಸಿಕೆಯ ರಕ್ಷಣೆ ಇನ್ನೂ ಬಾರದಿರುವ ಸಂದಿಯಲ್ಲಿ ಅದು ನಿಂತಿರುತ್ತದೆ. ಆ ಹೊತ್ತಿಗೇ ಬುಟ್ಟಿ, ಬಸ್ಸು, ಅಂಗಡಿ, ಹೊಸ ಮನೆ ಎಂಬ ಪ್ರಯಾಣ. ಪಾರ್ವೊ ವೈರಸ್ ತಗುಲಿದ ಮೇಲೆ ವಾಂತಿಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಮಾರುವ ದಿನ ಕುಣಿಯುತ್ತಿದ್ದ ಮರಿ ಕೊಂಡವರ ಮನೆಯಲ್ಲಿ ಮಲಗುತ್ತದೆ, ‘ನಾವು ಕೊಟ್ಟಾಗ ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಾಗಿರಬೇಕೆಂದೇನಿಲ್ಲ. ಹೊಣೆ ಮಾತ್ರ ಪೂರ್ತಿಯಾಗಿ ಕೊಂಡವರ ತಲೆಗೆ ಬಂದಿರುತ್ತದೆ.

ಆ ಹನ್ನೊಂದು ದಿನಗಳಲ್ಲಿ ಇನ್ನೂ ಒಂದು ಕೆಲಸ ನಡೆಯಬೇಕಾಗಿರುತ್ತದೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ದೀರ್ಘಕಾಲ ಪ್ರಯೋಗ ನಡೆಸಿ 1965ರಲ್ಲಿ ಪ್ರಕಟಿಸಿದ ಗ್ರಂಥ ನಾಯಿಮರಿಯ ಸಾಮಾಜಿಕ ಕಲಿಕೆಗೆ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿ ನಿರ್ಣಾಯಕವೆಂದು ತೋರಿಸಿತು. ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದು ಈ ಕಾಲದಲ್ಲಿ. ಬೇಗ ಬೇರ್ಪಟ್ಟ ಮರಿಯಲ್ಲಿ ಅಂಜಿಕೆ, ಅತಿ ಬೊಗಳುವಿಕೆ, ಕಚ್ಚುವ ಚಾಳಿ ಬೆಳೆಯುವ ಅಪಾಯ ಹೆಚ್ಚು. ಹಾಗಾದರೆ 45 ದಿನದ ಲೆಕ್ಕ ಬಂದದ್ದು ಎಲ್ಲಿಂದ? ಮರಿಗಳು ತಾಯಿಯ ಹಾಲು ಬಿಟ್ಟು ಹೊಟ್ಟೆಬಾಕರಾಗುವ, ಜಂತುಹುಳದ ಔಷಧಿ, ಲಸಿಕೆಗಳ ಖರ್ಚು ಏರುವ, ನೋಡುವ ಕಣ್ಣಿಗೆ ಅತ್ಯಂತ ಮುದ್ದಾಗಿ ಕಾಣುವ ಕಾಲ ಅದು. ಮಾರುವವನ ಖರ್ಚು ಏರುವ ದಿನವೂ ಕೊಳ್ಳುವವರ ಮನಸ್ಸು ಕರಗುವ ದಿನವೂ ಒಂದೇ ಆಗಿರುವುದರಿಂದ 45 ದಿನ ಎಂಬ ಶಾಸ್ತ್ರ ಹುಟ್ಟಿಕೊಂಡಿತು. ಎಂಟು ವಾರ ತುಂಬುವವರೆಗೆ ಮರಿ ಕೊಡುವುದಿಲ್ಲ ಎಂದು ಹಠ ಹಿಡಿಯುವ ಬ್ರೀಡರ್ ಆ ಖರ್ಚನ್ನೂ ಅಪಾಯವನ್ನೂ ತಾನೇ ಹೊರುತ್ತಿದ್ದಾನೆ. ಗಿರಾಕಿಗೆ ಪೇಪರ್ ತೋರಿಸಿ 45 ದಿನಕ್ಕೆ ಮರಿ ಕೊಡುವವನು ಅದನ್ನು ನಿಮಗೆ ದಾಟಿಸುತ್ತಿದ್ದಾನೆ.

ಇಲ್ಲಿ ಇತರ ವಿಮರ್ಶಕರೊಡನೆ ನನ್ನ ಜಗಳವನ್ನು ಹೇಳಲೇಬೇಕು. ಮೊದಲನೆಯ ಗುಂಪು ಹೊರದೇಶದ ಸಲಹಾಪಟ್ಟಿಗಳನ್ನು ಇದ್ದಂತೆಯೇ ನಮ್ಮ ಜನಕ್ಕೆ ಒಪ್ಪಿಸುವವರದು. ‘ಮರಿಯನ್ನು ತಾಯಿಯ ಜೊತೆ ನೋಡಿ, ಸಾಕು’ ಎಂಬುದು ಅವರ ಮಂತ್ರ. ಇಂಗ್ಲೆಂಡ್ 2020ರ ಏಪ್ರಿಲ್‌ನಲ್ಲಿ ಲೂಸಿ ಕಾನೂನು ಜಾರಿಗೆ ತಂದು, ಆರು ತಿಂಗಳೊಳಗಿನ ಮರಿಯನ್ನು ದಲ್ಲಾಳಿಗಳು ಮಾರದಂತೆ, ಸಾಕಿದವರೇ ತಾಯಿಯ ಜೊತೆ ತೋರಿಸಿ ಮಾರುವಂತೆ ಮಾಡಿತು. ಒಳ್ಳೆಯ ಕಾನೂನು. ಆದರೆ ತಾಯಿಯನ್ನು ನೋಡಿದರಷ್ಟೇ ಸಾಲದು, ಓದಬೇಕು. ಮೊಲೆಗಳು ಜೋತುಬಿದ್ದು ಬತ್ತಿವೆಯೇ, ಹೊಟ್ಟೆಯ ಮೇಲೆ ಹಲವು ಶಸ್ತ್ರಕ್ರಿಯೆಗಳ ಗುರುತಿದೆಯೇ, ಮನುಷ್ಯರ ಕೈ ಕಂಡರೆ ಮುದುರುತ್ತದೆಯೇ, ಮರಿಗಳು ಹತ್ತಿರ ಹೋದರೆ ಅಪರಿಚಿತರನ್ನು ಕಂಡಂತೆ ಗುರುಗುಟ್ಟುತ್ತದೆಯೇ? ನಮ್ಮ 2017ರ ನಿಯಮಗಳು ಒಂದು ಹೆಣ್ಣಿಗೆ ಜೀವಮಾನದಲ್ಲಿ ಐದು ಸೂಲುಗಳ ಮಿತಿ ಹಾಕಿವೆ. ಅದಕ್ಕೆ ಲೆಕ್ಕ ಕೇಳಬೇಕು. ಐದು ಎಂಬುದು ಮೇಲ್ಮಿತಿ ಮಾತ್ರ, ಗುರಿಯಲ್ಲ. ಆ ಸಂಖ್ಯೆ ಮುಟ್ಟಿದ ಮೇಲೆ, ಅಥವಾ ಮುಟ್ಟುವ ಮೊದಲೇ, ನಿವೃತ್ತಳಾದ ತಾಯಿ ಎಲ್ಲಿದ್ದಾಳೆ ಎಂದು ಕೇಳಿದಾಗ ಬ್ರೀಡರ್ ಅಂಗಳದತ್ತ ಕೈತೋರಿಸುತ್ತಾನೋ, ಮಾತು ತಿರುಗಿಸುತ್ತಾನೋ ನೋಡಬೇಕು. ಸಲಹಾಪಟ್ಟಿಗಳಲ್ಲಿ ಮುದಿ ಹೆಣ್ಣುನಾಯಿಯ ಪ್ರಶ್ನೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ದೂರು.

ಎರಡನೆಯ ಗುಂಪಿನವರ ಜೊತೆ ನನ್ನ ಭಿನ್ನಾಭಿಪ್ರಾಯ ಇನ್ನೂ ಆಳದ್ದು. ಬೀದಿಯಲ್ಲಿ ಇಷ್ಟು ನಾಯಿಗಳಿರುವಾಗ ಹೊಣೆಯರಿತ ಬ್ರೀಡರ್ ಎಂಬ ಮಾತೇ ಮೋಸ, ಮರಿ ಮಾರುವವರೆಲ್ಲ ಒಂದೇ ಎಂಬುದು ಅವರ ನಿಲುವು. ಅವರ ಸಂಕಟ ಪ್ರಾಮಾಣಿಕವಾದದ್ದು, ನಾಯಿ ಬೇಕಾದವರಲ್ಲಿ ಬಹುಪಾಲು ಮಂದಿ ಬೀದಿಮರಿಯನ್ನು ದತ್ತು ತೆಗೆದುಕೊಳ್ಳಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಎಲ್ಲರೂ ಒಂದೇ ಎಂದ ಕ್ಷಣ ಲಾಭವಾಗುವುದು ಅತ್ಯಂತ ಕೆಟ್ಟವನಿಗೆ. ಎಕ್ಸ್‌ರೇಗೆ, ಲಸಿಕೆಗೆ, ಎಂಟು ವಾರಗಳ ಆಹಾರಕ್ಕೆ ಹಣ ಸುರಿದವನೂ ಪಂಜರದಲ್ಲಿ ಬೆದೆಗೊಂದು ಸೂಲು ತೆಗೆಯುವವನೂ ಸಮಾನ ಪಾಪಿಗಳೆಂದಾದರೆ ಗಿರಾಕಿಗೆ ಉಳಿಯುವ ಅಳತೆಗೋಲು ಬೆಲೆಯೊಂದೇ. ಬೇಡಿಕೆ ನಿಲ್ಲುವುದಿಲ್ಲ, ಅಗ್ಗದವನ ಬಾಗಿಲಿಗೆ ಹೋಗುತ್ತದೆ. ಬೀದಿಗೆ ಬಿದ್ದ ಹಸ್ಕಿಗಳೂ ಪಗ್‌ಗಳೂ ಬರುವುದು ಬಹುಮಟ್ಟಿಗೆ ಅಂಥ ಬಾಗಿಲಿನಿಂದ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ನನಗೇ ವಾಪಸ್ ಕೊಡಬೇಕು ಎಂದು ಬರೆಸಿಕೊಳ್ಳುವ ಬ್ರೀಡರ್ ಬೀದಿನಾಯಿಯ ಸಂಖ್ಯೆಗೆ ತನ್ನ ಕಡೆಯಿಂದ ಒಂದನ್ನೂ ಸೇರಿಸುವುದಿಲ್ಲ. ಆತನಿಗೂ ಪಂಜರದವನಿಗೂ ಭೇದ ಮಾಡದ ನೈತಿಕತೆ ನಾಯಿಗಳ ಪಾಲಿಗೆ ನಿಷ್ಪ್ರಯೋಜಕ.

ಇದೇ ಭೇದವನ್ನು ಮರೆತ ಇನ್ನೊಂದು ಉದಾಹರಣೆ ಸರ್ಕಾರದ್ದು. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ಉಗ್ರವೆಂದು ಹೆಸರಿಸಿ ಅವುಗಳ ಸಾಕಣೆ, ಮಾರಾಟಕ್ಕೆ ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಬರೆಯಿತು. ಸಂಬಂಧಪಟ್ಟವರೊಡನೆ ಸಮಾಲೋಚಿಸದೆ ಹೊರಡಿಸಿದ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಯಾರ ಕೈಯಲ್ಲಿ, ಯಾವ ತಾಯಿಗೆ, ಯಾವ ರೀತಿಯಲ್ಲಿ ಹುಟ್ಟಿ ಬೆಳೆದ ನಾಯಿ ಎಂಬ ವಿಚಾರಣೆ ಬಿಟ್ಟು ತಳಿಯ ಹೆಸರನ್ನು ಶಿಕ್ಷಿಸುವುದು, ಪೇಪರ್ ನೋಡಿ ನಂಬುವ ಗಿರಾಕಿಯ ತಪ್ಪಿನ ಇನ್ನೊಂದು ಮುಖ. ನಮ್ಮ ಹೆಮ್ಮೆಯ ಮುಧೋಳ ನಾಯಿಯ ವಿಷಯದಲ್ಲೂ ತಪ್ಪು ಇದೇ, ದಿಕ್ಕು ಮಾತ್ರ ಬೇರೆ. 2005ರಲ್ಲಿ ಅಂಚೆಚೀಟಿಯ ಗೌರವ, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದ ಮರಿಗಳು, 2020ರ ಆಗಸ್ಟ್‌ನಲ್ಲಿ ಪ್ರಧಾನಿಯ ಬಾನುಲಿ ಭಾಷಣದ ಪ್ರಸ್ತಾಪ, ಇವುಗಳಿಂದ ಬೇಡಿಕೆ ಏರಿತು. ದೇಸಿ ತಳಿಯಾದ್ದರಿಂದ ಗಟ್ಟಿ, ರೋಗವಿಲ್ಲ ಎಂಬ ಮಾತು ಅದರ ಬೆನ್ನಿಗೇ ಬಂತು. ಒಂದು ಸೀಮೆಯಲ್ಲಿ ಉಳಿದುಬಂದ, ಸಂಖ್ಯೆ ಕಡಿಮೆಯಿರುವ ತಳಿಗೆ ರಕ್ತಸಂಬಂಧದ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು ಈ ತಳಿಗೆ ಯೋಜಿತ ಸಾಕಣೆ ಬೇಕೆಂಬ ಕಾರಣಕ್ಕಾಗಿಯೇ. ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ಮರಿ ಸಾಕಿ ಆದಾಯ ಕಾಣುವ ಕುಟುಂಬಗಳನ್ನು ಪೇಪರ್ ಇಲ್ಲವೆಂದು ಹೊಣೆಗೇಡಿಗಳೆನ್ನುವುದು ಅನ್ಯಾಯ. ದೇಸಿ ಎಂಬ ಒಂದೇ ಕಾರಣಕ್ಕೆ ಪರೀಕ್ಷೆಯಿಂದ ಬಿಡುವುದು ನಾಯಿಗೆ ಮಾಡುವ ಅನ್ಯಾಯ.

ಕೊನೆಯ ಆಕ್ಷೇಪ ಹಣದ್ದು. ನೀವು ಹೇಳುವ ಬ್ರೀಡರ್‌ನ ಮರಿ ದುಬಾರಿ, ಕಾಯಬೇಕಾದ ತಿಂಗಳುಗಳು ಹೆಚ್ಚು, ಸಾಮಾನ್ಯ ಕುಟುಂಬಕ್ಕೆ ಎಟುಕುವುದಿಲ್ಲ ಎನ್ನುತ್ತಾರೆ. ದುಬಾರಿ ಎಂಬುದು ನಿಜ. ಅಗ್ಗದ ಮರಿಯಲ್ಲಿ ಉಳಿತಾಯವಾದಂತೆ ಕಂಡ ಹಣ ಪಾರ್ವೊ ಚಿಕಿತ್ಸೆಗೆ, ಸೊಂಟದ ಶಸ್ತ್ರಕ್ರಿಯೆಗೆ ಹೋದಾಗ ಲೆಕ್ಕ ತಿರುಗುತ್ತದೆ. ನಾಯಿಯ ನೋವಿಗಂತೂ ಲೆಕ್ಕವೇ ಇಲ್ಲ. ಎಟುಕದವರಿಗೆ ದತ್ತು ಎಂಬ ಗೌರವದ ದಾರಿ ತೆರೆದೇ ಇದೆ. ಎಟುಕುವವರು ಮಾಡಬೇಕಾದದ್ದಿಷ್ಟು. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ಕೇಳಿ, ತಂದೆತಾಯಿಯ ಆರೋಗ್ಯ ವರದಿಯನ್ನು ಕೈಯಲ್ಲಿ ಹಿಡಿದು ಓದಿ, ತಾಯಿಯ ವಯಸ್ಸು ಮತ್ತು ಸೂಲುಗಳ ಲೆಕ್ಕ ಕೇಳಿ, ಹಿಂದಿನ ಮರಿಗಳನ್ನು ಕೊಂಡವರ ಜೊತೆ ಮಾತಾಡಿ, ಮರಿಗೆ ಎಂಟು ವಾರ ತುಂಬಿದ್ದನ್ನು ಖಚಿತಪಡಿಸಿಕೊಳ್ಳಿ, ವಾಪಸ್ ಪಡೆಯುವ ಮಾತನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಮನೆ, ಸಮಯ, ಹಿಂದಿನ ನಾಯಿಗಳ ಗತಿ ಕುರಿತು ಆತ ನಿಮ್ಮನ್ನೇ ಪ್ರಶ್ನಿಸಿದರೆ ಮುನಿಸಿಕೊಳ್ಳಬೇಡಿ. ಪ್ರಶ್ನೆಯಿಲ್ಲದೆ ಮರಿ ಕೊಡುವವನಲ್ಲಿ ಕೊಳ್ಳಬೇಡಿ. ಇಷ್ಟಕ್ಕೆಲ್ಲ ಉತ್ತರ ಸಿಕ್ಕ ಮೇಲೆ ಪೇಪರ್ ಕೇಳಿ. ಒಂದು ಉತ್ತರ ಸಿಗದಿದ್ದರೂ, ಪೇಪರ್ ಎಷ್ಟೇ ಹೊಳೆಯುತ್ತಿದ್ದರೂ, ಮರಿ ತೆಗೆದುಕೊಳ್ಳದೆ ಹಿಂದಿರುಗಿ.